ಒಲೆಯ ಕಡೆಯ ಕಾಲು

ಕಲಬುರ್ಗಿಯ ಶಹಾಬಜಾರದಲ್ಲಿ ಶಿವಕಾಂತಮ್ಮನ ಕೈರೊಟ್ಟಿ ತಿನ್ನದವರು ಎರಡೇ ಬಗೆ: ಹಲ್ಲು ಬಿದ್ದವರು, ಇಲ್ಲವೆ ಅವಳ ಬಾಯಿಗೆ ಸಿಕ್ಕು ಒಮ್ಮೆ ಹೊರಬಿದ್ದವರು. ನಿಜಾಮ ಸರಕಾರದ ಕಚೇರಿಗೆ ತಕರಾರು ಹೊತ್ತು ಬರುವ ಹಳ್ಳಿ ಜನ, ತೊಗರಿಯ ಬಂಡಿ ಹೊಡೆದುಕೊಂಡು ಬಂದ ರೈತರು, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗುಮಾಸ್ತರು, ಎಲ್ಲರ ಮಧ್ಯಾಹ್ನದ ಊಟವೂ ಅವಳ ಖಾನಾವಳಿಯ ಪಡಸಾಲೆಯಲ್ಲೇ. ಗಂಡ ತೀರಿಕೊಂಡಾಗ ಮಗ ದೇವೀಂದ್ರಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ಭಾವಂದಿರು ಕಮಲಾಪುರದ ಬಾಳೆ ತೋಟದಲ್ಲಿ ಒಂದು ತುಂಡು ಕೊಟ್ಟು ಕೈತೊಳೆದುಕೊಂಡರು. ಅಂದು ಒಲೆಯ ಮುಂದೆ ಕೂತವಳು ಎದ್ದದ್ದು ತಲೆ ಬೆಳ್ಳಗಾದ ಮೇಲೆ. ಅದೂ ತಾನಾಗಿ ಎದ್ದದ್ದಲ್ಲ, ಎಬ್ಬಿಸಿದ್ದು.

ಒಲೆಯ ವಿಷಯದಲ್ಲಿ ಆ ಮನೆಗೊಂದು ಕಟ್ಟಳೆ ಇತ್ತು. ರೊಟ್ಟಿಯನ್ನು ಬರಿಗೈಯಲ್ಲೇ ತಿರುವಬೇಕು. ಆವಿ ಬಡಿಯಲಿ, ಕಿಡಿ ಸಿಡಿಯಲಿ, ಬಾಯಿಂದ ಒಂದು ಸೊಲ್ಲು ಬರಬಾರದು. ಒಲೆಯ ಮುಂದೆ ಕೂತವಳು ಸುಟ್ಟಿತು ಅಂದರೆ ಒಲೆ ಮುನಿಸಿಕೊಳ್ಳುತ್ತದೆ, ಮನೆಯಲ್ಲಿ ಅನ್ನ ನಿಲ್ಲುವುದಿಲ್ಲ ಎಂದು ಶಿವಕಾಂತಮ್ಮನಿಗೆ ಅವಳ ಅತ್ತೆ ಕಲಿಸಿದ್ದಳು. ಬೇರೆ ಮನೆಗಳಲ್ಲಿ ಸೊಸೆಗೆ ಬಂಗಾರ ಕೊಡುತ್ತಾರೆ, ಈ ಮನೆಯಲ್ಲಿ ಈ ಮಾತು ಕೊಟ್ಟರು. ಶಿವಕಾಂತಮ್ಮ ಅದಕ್ಕೆ ಇನ್ನಷ್ಟು ಖಾರ ಹಾಕಿ ತನ್ನ ಸೊಸೆ ಸೂಗಮ್ಮನಿಗೆ ದಾಟಿಸಿದಳು. ಹೊಸದರಲ್ಲಿ ಒಮ್ಮೆ ಸೂಗಮ್ಮ ಹಂಚಿಗೆ ಬೆರಳು ತಾಗಿಸಿಕೊಂಡು "ಹಾ" ಅಂದಿದ್ದಳು. ಆ ಒಂದು "ಹಾ" ಬಂದ ಬೀಗರು ನೆಂಟರ ಮುಂದೆಲ್ಲ ಮೆರವಣಿಗೆ ಹೋಯಿತು. ಅಲ್ಲಿಂದ ಸೂಗಮ್ಮ ಬಾಯಿ ಬಿಡಲಿಲ್ಲ. ಒಲೆಯ ಮುಂದೆ ಅಷ್ಟೇ ಅಲ್ಲ, ಅತ್ತೆಯ ಮುಂದೆಯೂ.

ಈಚಿನ ಕೆಲವು ವರ್ಷಗಳಿಂದ ಸಂಜೆಯಾದರೆ ಶಿವಕಾಂತಮ್ಮನ ಕಾಲು ಬಾಯುತ್ತಿದ್ದವು. ಎರಡೂ ಬಾಯುತ್ತಿದ್ದವು, ಎಡಗಾಲು ಹೆಚ್ಚು. ಅದರ ಮೇಲೆ ಮೊದಲು ಕೆಂಪಗೆ, ಆಮೇಲೆ ಕಂದಾಗಿ, ಮೀನಿನ ಬಲೆ ಹರವಿದಂತೆ ಕಲೆ ಎದ್ದಿತ್ತು. ತುರಿಸುತ್ತಿತ್ತು, ಉರಿಯುತ್ತಿತ್ತು. ವಯಸ್ಸಾದ ಮೈ ಅಲ್ಲವೇ, ಏನಾದರೊಂದು ಇದ್ದದ್ದೇ ಎಂದು ಅವಳು ಸೀರೆಯನ್ನು ಒಂದಿಷ್ಟು ಕೆಳಗೆ ಎಳೆದುಕೊಂಡು ಓಡಾಡಿದಳು. ಆದರೆ ಒಂದು ಸಂಜೆ ಕಟ್ಟೆ ಇಳಿಯುವಾಗ ಸೀರೆ ಮೊಳೆಗೆ ಸಿಕ್ಕಿ ಮೇಲೆ ಹೋಯಿತು. ಊಟಕ್ಕೆ ಕೂತಿದ್ದ ಗುಮಾಸ್ತನೊಬ್ಬ ಆ ಕಾಲು ನೋಡಿದ, ಎಲೆಯ ಮೇಲಿನ ರೊಟ್ಟಿ ನೋಡಿದ, ಹಾಗೇ ಎದ್ದು ಕೈ ತೊಳೆದ. ಮರುದಿನ ಪಡಸಾಲೆಯಲ್ಲಿ ಅರ್ಧ ಎಲೆಗಳು ಖಾಲಿ. ಓಣಿಯಲ್ಲಿ ಯಾರೂ ಕುಷ್ಠ ಎಂದು ಬಾಯಿಬಿಟ್ಟು ಹೇಳಲಿಲ್ಲ. "ದೊಡ್ಡ ರೋಗ" ಎಂದರು, ಅಷ್ಟೇ ಸಾಕಾಗಿತ್ತು.

ದೇವೀಂದ್ರಪ್ಪ ತೊಗರಿ ವ್ಯಾಪಾರಿ, ಮೆತ್ತನೆ ಮನುಷ್ಯ. ಜನ ಏನಂದಾರು ಎಂಬುದು ಅವನಿಗೆ ಹೊಟ್ಟೆನೋವಿನ ಹಾಗೆ ದಿನವೂ ಕಾಡುವ ವಿಷಯ. ಅವನು ಓಣಿಯ ವೈದ್ಯ ಅಣವೀರಪ್ಪನನ್ನು ಕರೆದುಕೊಂಡು ಬಂದ. ಅಣವೀರಪ್ಪ ಕೆಟ್ಟವನಲ್ಲ. ಶಿವಕಾಂತಮ್ಮನ ರೊಟ್ಟಿ ತಿಂದೇ ಅವನ ಹೊಟ್ಟೆ ಆ ಪರಿ ಮುಂದೆ ಬಂದಿತ್ತು. ದೊಡ್ಡ ರೋಗದ ಕಲೆಗೆ ನೋವು ತಿಳಿಯುವುದಿಲ್ಲ ಎಂಬುದನ್ನು ಅವನು ಬಲ್ಲ, ಅದು ಸುಳ್ಳೂ ಅಲ್ಲ. ಅದಕ್ಕೇ ಪಡಸಾಲೆಯಲ್ಲಿ ನಾಲ್ಕು ಜನರ ಎದುರು ಅವಳನ್ನು ಕೂಡಿಸಿ, ಸೂಜಿಯ ಮೊನೆಯನ್ನು ಕಲೆಯ ಮೇಲೆ ಒತ್ತಿದ. ನೋವಾಗುತ್ತದೆಯೇ ಎಂದು ಕೇಳಿದ.

"ಇಲ್ಲ," ಎಂದಳು ಶಿವಕಾಂತಮ್ಮ.

ಅವನು ಇನ್ನೊಂದು ಕಡೆ ಒತ್ತಿದ. ಮತ್ತೂ ಆಳಕ್ಕೆ ಒತ್ತಿದ. ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಗೋಡೆ ನೋಡುತ್ತ ಕೂತಿದ್ದಳು. ಜೀವ ಹೋಗುವಷ್ಟು ನೋವು. ಆದರೆ ಎದುರಿಗೆ ಗಂಡಸರು, ಬೆನ್ನ ಹಿಂದೆ ಒಲೆ. ಬಾಯಿ ಬಿಟ್ಟರೆ ಮಾನಗೇಡು. ಇಲ್ಲ ಅಂದಳು, ಇಲ್ಲವೇ ಇಲ್ಲ ಅಂದಳು. ಅಣವೀರಪ್ಪನ ಮುಖ ಬಿಳಿಚಿಕೊಂಡದ್ದನ್ನು ನೋಡಿ, ತನ್ನ ಗಟ್ಟಿತನಕ್ಕೆ ಬೆರಗಾಗಿದ್ದಾನೆ ಎಂದುಕೊಂಡಳು ಪಾಪ. ಅವನು ಹೊರಗೆ ಹೋಗಿ ದೇವೀಂದ್ರಪ್ಪನ ಕಿವಿಯಲ್ಲಿ ಹೇಳಿದ್ದು ಅವಳಿಗೆ ಕೇಳಲಿಲ್ಲ. ಸೂಜಿ ಯಾಕೆ ಚುಚ್ಚಿದರು ಎಂದು ಅವಳಿಗೆ ಯಾರೂ ತಿಳಿಸಲೂ ಇಲ್ಲ.

ಹೀಗೆ ಶಿವಕಾಂತಮ್ಮ ಕಮಲಾಪುರದ ತೋಟಕ್ಕೆ ಬಂದಳು. ಬಂಡಿ ಹತ್ತುವಾಗ ಮಗ ದೂರದಿಂದಲೇ ಕೈ ಮುಗಿದ. ಹಬ್ಬಕ್ಕೆ, ಹುಣ್ಣಿಮೆಗೆ, ಊರಿಗೆ ಹೋಗುವಾಗ ಬರುವಾಗ ಪಾದ ಮುಟ್ಟದೆ ಹೊಸ್ತಿಲು ದಾಟದ ಮಗ ಅವನು. ಆ ದೂರದ ನಮಸ್ಕಾರ ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಸೂಗಮ್ಮ ಬಾಗಿಲ ಹಿಂದೆ ನಿಂತಿದ್ದಳು, ಮುಂದೆ ಬರಲೇ ಇಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಒಲೆ ಕೈಗೆ ಬಂತಲ್ಲ, ಒಳಗೊಳಗೇ ಹಿಗ್ಗುತ್ತಿರಬೇಕು ಎಂದು ದಾರಿಯುದ್ದಕ್ಕೂ ಶಿವಕಾಂತಮ್ಮ ಎತ್ತುಗಳಿಗೆ ಕೇಳುವಂತೆ ಗೊಣಗಿದಳು.

ತೋಟದ ಗುಡಿಸಲ ಮುಂದೆ ಮೂರು ಕಲ್ಲಿನ ಒಲೆ. ಅದರ ಮೇಲೆ ಒಬ್ಬಳಿಗೆ ಒಂದಿಷ್ಟು ಅಂಬಲಿ, ಮುಗಿಯಿತು. ತೋಟ ಕಾಯುವ ಖಂಡೆಪ್ಪ ಹಾಲಿನ ಚೆಂಬು ಬಾಳೆಯ ಬುಡದಲ್ಲಿಟ್ಟು ಕೂಗಿ ಹೋಗುತ್ತಿದ್ದ. ಕೆಂಪು ಬಾಳೆಯ ಗೊನೆಗಳು ಬಲಿತು ತೂಗುತ್ತಿದ್ದವು, ತಿನ್ನಿಸಲು ಎದುರಿಗೆ ಒಂದು ಬಾಯಿ ಇರಲಿಲ್ಲ. ಕೂತರೆ ಹೊತ್ತು ಹೋಗದೆಂದು ಅವಳು ಸಾಲುಸಾಲಾಗಿ ತೋಟ ಸುತ್ತಿದಳು, ಒಣಗಿದ ಎಲೆ ಕಿತ್ತಳು, ಗಿಡಗಳಿಗೆ ಬೈದಳು. ಒಂದು ದಿನ ಖಂಡೆಪ್ಪ ಚೆಂಬಿನ ಜೊತೆ ಸುದ್ದಿಯನ್ನೂ ಇಟ್ಟು ಹೋದ. ತೆಲುಗು ಸೀಮೆಯಲ್ಲಿ ಎಲ್ಲೋ ಇಂಥ ರೋಗದವರಿಗೆಂದೇ ಒಂದು ಆಶ್ರಮವಿದೆಯಂತೆ, ಕಾರಹುಣ್ಣಿಮೆ ಮುಗಿದ ಕೂಡಲೇ ದೇವೀಂದ್ರಪ್ಪ ಸಾವಕಾರ್ರು ಅವ್ವನನ್ನು ರೈಲು ಹತ್ತಿಸುತ್ತಾರಂತೆ.

ಕನ್ನಡದ ಒಂದು ಸೊಲ್ಲು ಕೇಳದ ಊರಲ್ಲಿ, ಜೋಳ ಕಾಣದ ಊರಲ್ಲಿ, ಸತ್ತರೆ ಮಣ್ಣು ಕೊಡಲು ತನ್ನವರಿಲ್ಲದ ಊರಲ್ಲಿ! ಅಂದಿನಿಂದ ಶಿವಕಾಂತಮ್ಮ ಅಂಬಲಿಯನ್ನೂ ಅರ್ಧ ಬಿಟ್ಟಳು. ದಿನವೂ ಬೆಳಿಗ್ಗೆ ಎದ್ದು ಕಾಲು ನೋಡಿಕೊಳ್ಳುವಳು, ಹಣೆಗೆ ಹಚ್ಚುವ ವಿಭೂತಿಯನ್ನೇ ಕಾಲಿಗೂ ಹಚ್ಚುವಳು. ಶರಣರೇ, ಮಣ್ಣಾದರೆ ಕಲಬುರ್ಗಿಯ ಮಣ್ಣಾಗಿಸಿರಿ ಎಂದು ಬೇಡಿಕೊಳ್ಳುವಳು.

ಕಾರಹುಣ್ಣಿಮೆ ಮುಗಿಯಿತು. ಮಗನ ಬಂಡಿ ಬರಬೇಕಾಗಿದ್ದ ದಿನ ಬೆಳಿಗ್ಗೆ ಬೇರೊಂದು ಬಂಡಿ ಬಂತು. ಪರದೆ ಕಟ್ಟಿದ ಬಂಡಿ. ಅದರಿಂದ ಕನ್ನಡಕ ಹಾಕಿದ, ಸಣಕಲು ಮೈಯ ಹೆಂಗಸೊಬ್ಬಳು ಇಳಿದಳು. ಕಲಬುರ್ಗಿಯ ಹೆಂಗಸರ ದವಾಖಾನೆಯ ಡಾಕ್ಟರಬಾಯಿ, ಮುನೀರಾ ಬೇಗಂ. ಕಮಲಾಪುರದ ಪಟೇಲರ ಮನೆಗೆ ಹೆರಿಗೆ ಮಾಡಿಸಲು ಬಂದವಳು, ಕೆಲಸ ಮುಗಿಸಿ ತೋಟದ ದಾರಿ ಕೇಳಿಕೊಂಡು ಬಂದಿದ್ದಳು. ನೇರವಾಗಿ ಬಂದು, ಶಿವಕಾಂತಮ್ಮ ಕೂತ ಚಾಪೆಯ ತುದಿಯಲ್ಲೇ ಕೂತಳು. ಹಿಂದಾಗಿದ್ದರೆ ಶಿವಕಾಂತಮ್ಮ ಮಡಿ ಮೈಲಿಗೆ ಎಂದು ಚಾಪೆ ಎಳೆದುಕೊಳ್ಳುತ್ತಿದ್ದಳೇನೋ. ತಾನೇ ಊರಿಗೆಲ್ಲ ಮೈಲಿಗೆಯಾಗಿ ಕೂತವಳಿಗೆ ಇನ್ನೊಬ್ಬರ ಮೈಲಿಗೆ ಏನು? ಇಷ್ಟು ಹತ್ತಿರ ಯಾರಾದರೂ ಕೂತು ಎಷ್ಟು ಕಾಲವಾಗಿತ್ತೋ.

ಡಾಕ್ಟರಬಾಯಿ ಅವಸರ ಮಾಡಲಿಲ್ಲ. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು, ಎದೆಗೆ ನಳಿಗೆ ಹಚ್ಚಿ ಕೇಳಿದಳು. ಮಲಗಿದರೆ ದಮ್ಮು ಹತ್ತುತ್ತದೆಯೇ, ಮೂತ್ರ ಸರಿಯಾಗಿ ಹೋಗುತ್ತದೆಯೇ ಎಂದು ವಿಚಾರಿಸಿದಳು. ಆಮೇಲೆ ಎರಡೂ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದಳು. ಒತ್ತಿದಲ್ಲಿ ಹಸಿ ಹಿಟ್ಟಿನ ಮೇಲೆ ಬಿದ್ದ ಹಾಗೆ ಸಣ್ಣ ಕುಳಿ ಬಿತ್ತು. ಈ ಬಾವು ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ ಎಂದು ಕೇಳಿದಳು. ಸಂಜೆ ಎಂದಳು ಶಿವಕಾಂತಮ್ಮ. ತೋಟಕ್ಕೆ ಬಂದ ಮೇಲೆ ಒಂದಿಷ್ಟು ಇಳಿದಿದೆ, ಕಲೆಯೂ ತುಸು ತಿಳಿಯಾಗಿದೆ, ವಿಭೂತಿಯ ಮಹಿಮೆ ಎಂದಳು. ಡಾಕ್ಟರಬಾಯಿ ವಿಭೂತಿಯ ಜೊತೆ ವಾದಕ್ಕೆ ಇಳಿಯಲಿಲ್ಲ.

ಅನಂತರ ಅವಳಿಗೆ ಕಣ್ಣು ಮುಚ್ಚಲು ಹೇಳಿ, ಖಂಡೆಪ್ಪನ ಕೋಳಿಯ ಪುಕ್ಕವೊಂದನ್ನು ಹೆಕ್ಕಿಕೊಂಡು ಕಲೆಯ ಮೇಲೆ ಸವರಿದಳು. ಎಲ್ಲಿ ಎಲ್ಲಿ ಸವರಿದರೂ ಶಿವಕಾಂತಮ್ಮ ತಪ್ಪದೆ, "ಇಲ್ಲಿ, ಈಗ ಇಲ್ಲಿ," ಎಂದು ಬೆರಳಿಟ್ಟು ತೋರಿಸಿದಳು. ಪುಕ್ಕದ ವಿಷಯದಲ್ಲಿ ಅತ್ತೆ ಏನೂ ಕಟ್ಟಳೆ ಮಾಡಿರಲಿಲ್ಲವಲ್ಲ. ಪುಕ್ಕ ಹೋಗಿ ಸೂಜಿ ಬಂತು.

"ನೋವು ಆತೇನ್ರಿ?"

"ಇಲ್ಲ."

"ಈಗ?"

"ಇಲ್ಲವ್ವ."

"ಕಣ್ಣು ಬಿಡ್ರಿ," ಎಂದಳು ಡಾಕ್ಟರಬಾಯಿ. ಅವಳು ನಗುತ್ತಿದ್ದಳು. "ಪುಕ್ಕ ತಿಳೀತದ, ಸೂಜಿ ತಿಳಿಯಂಗಿಲ್ಲ? ಚುಚ್ಚಿದಾಗೊಮ್ಮೆ ನಿಮ್ಮ ಕಾಲಿನ ಹೆಬ್ಬೆರಳು ಮಡಚಿಕೊಳ್ಳಾಕತ್ತದ. ಬಾಯಿ ಸುಳ್ಳು ಹೇಳ್ತದ, ಬೆರಳು ಹೇಳಂಗಿಲ್ಲ. ಆ ರೋಗದ ಕಲಿ ಸತ್ತ ಚರ್ಮದಂಗ, ಅದಕ್ಕ ನೋವು ತಿಳಿಯಂಗಿಲ್ಲ. ವೈದ್ಯರು ಅದನ್ನ ನೋಡಾಕ ಚುಚ್ಚಿದ್ರು. ನೀವು ಇಲ್ಲ ಅಂದ್ರಿ."

ಶಿವಕಾಂತಮ್ಮ ತನ್ನ ಕಾಲಿನ ಹೆಬ್ಬೆರಳನ್ನೇ ದಿಟ್ಟಿಸಿ ನೋಡಿದಳು. ಇಷ್ಟು ದಿನ ತನ್ನನ್ನು ಮನೆಯಿಂದ ಹೊರಗೆ ಹಾಕಿದ್ದು ಕಲೆ ಎಂದುಕೊಂಡಿದ್ದಳು. ಕಲೆಯಲ್ಲ, ತನ್ನ ಬಾಯಿಂದ ಬಂದ ಆ ಒಂದು ಮಾತು. ಗಟ್ಟಿಗಿತ್ತಿ ಅನಿಸಿಕೊಳ್ಳಲು ಹೋಗಿ ತನ್ನ ಕೈಯಾರೆ ತನ್ನ ಬಾಗಿಲು ಹಾಕಿಕೊಂಡಿದ್ದಳು. ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ತಡವರಿಸುತ್ತ ಕೇಳಿದಳು.

"ನಿಮ್ಮ ಸೊಸಿ ಹೇಳಿದ್ಲು. ಗಂಡಗ ಹೇಳಿದ್ರ ಅಂವ ಕಿವ್ಯಾಗ ಹಾಕ್ಕೊಳ್ಳಿಲ್ಲಂತ. ನೀರಿಗಿ ಹೋಗ್ತೀನಂತ ಹೇಳಿ ಕೊಡ ಹಿಡಕೊಂಡೇ ದವಾಖಾನಿಗಿ ಬಂದಿದ್ಲು. ನಮ್ಮತ್ತಿ ಕೈ ಸುಟ್ಟು ಗುಳ್ಳಿ ಎದ್ರೂ ನೋವು ಅನ್ನಂಗಿಲ್ರಿ, ಆಕಿ ಇಲ್ಲ ಅಂದದ್ದು ನಂಬಬ್ಯಾಡ್ರಿ, ನೀವೇ ಹೋಗಿ ನೋಡ್ರಿ ಅಂತ ಅತ್ತಳು."

ಬಾಗಿಲ ಹಿಂದೆ ನಿಂತಿದ್ದ ಸೂಗಮ್ಮ. ಹಿಗ್ಗುತ್ತಿರಬೇಕು ಎಂದು ಎತ್ತುಗಳ ಮುಂದೆ ಬೈಸಿಕೊಂಡ ಸೂಗಮ್ಮ. ಮುದುಕಿ ಕಾಲಿನ ಕಲೆಯನ್ನು ಒಮ್ಮೆ ಬೆರಳಿಂದ ಸವರಿಕೊಂಡಳು. ಆಮೇಲೆ ಎಂದೂ ಆಡದ ಮಾತನ್ನು, ಮಗು ಹೊಸ ಮಾತು ಕಲಿತಂತೆ, ಮೆಲ್ಲಗೆ ಆಡಿದಳು.

"ನೋಯ್ತದವ್ವ. ಭಾಳ ನೋಯ್ತದ."

ಹೇಳಿ ಅತ್ತಳು. ಸೂಜಿಗಷ್ಟೇ ಅತ್ತದ್ದಲ್ಲ. ಗಂಡ ಹೋದ ದಿನದಿಂದ ಒಳಗೇ ಉಳಿದದ್ದೆಲ್ಲ ಅಂದು ಕಮಲಾಪುರದ ಬಾಳೆಗಳ ಮುಂದೆ ಹೊರಗೆ ಬಂತು. ಡಾಕ್ಟರಬಾಯಿ ಅವಳ ಕಾಲನ್ನು ತೊಡೆಯಿಂದ ಇಳಿಸದೆ ಹಾಗೇ ಕೂತಿದ್ದಳು.

ಅಷ್ಟರಲ್ಲಿ ದೇವೀಂದ್ರಪ್ಪನ ಬಂಡಿ ಬಂತು. ತಾಯಿಯ ಗಂಟುಮೂಟೆ ಕಟ್ಟಿಸಲು ಬಂದವನು, ಡಾಕ್ಟರಬಾಯಿಯ ತೊಡೆಯ ಮೇಲೆ ಆ ಕಾಲು ಇದ್ದದ್ದನ್ನು ಕಂಡು ದೂರದಲ್ಲೇ ನಿಂತ. ದೊಡ್ಡ ರೋಗ ಅಲ್ಲ ಎಂದು ಅವಳು ಹೇಳಿದಳು. ಅವನ ಕಣ್ಣು ಅರಳಿತು, ಮತ್ತೆ ಮಂಕಾಯಿತು. ಓಣಿಯ ಜನ ಅವನ ತಲೆಯೊಳಗೇ ಮನೆ ಮಾಡಿದ್ದರಲ್ಲ.

"ಮತ್ತ ಆ ಕಲಿ ಏನ್ರಿ? ಮಂದಿ ಕೇಳಿದ್ರ ನಾ ಏನಂತ ಹೇಳ್ಲಿ?"

ಡಾಕ್ಟರಬಾಯಿಗೂ ಅದೇ ಪ್ರಶ್ನೆ ಉಳಿದಿತ್ತು. ಬಾವು ಸರಿ, ವಯಸ್ಸಾದ ರಕ್ತನಾಳಗಳಲ್ಲಿ ಕಾಲಿಗಿಳಿದ ರಕ್ತ ಮೇಲೆ ಹತ್ತಲು ಸೋಲುತ್ತದೆ, ದಿನವಿಡೀ ಕಾಲು ಮಡಚಿ ಕೂತವರಿಗೆ ಇನ್ನೂ ಹೆಚ್ಚು. ಆದರೆ ಈ ಬಲೆ ಎಡಗಾಲಿಗೇ ಯಾಕೆ? ಅದೂ ಹೊರಮಗ್ಗುಲಿಗೆ ಮಾತ್ರ. ಮೊಣಕಾಲ ಹತ್ತಿರ ಗೆರೆ ಕೊರೆದಂತೆ ನಿಂತಿದೆ, ಪಾದದ ಮೇಲೆ ಒಂದು ಚುಕ್ಕೆಯೂ ಇಲ್ಲ. ರೋಗಕ್ಕೆ ಇಷ್ಟು ಲೆಕ್ಕಾಚಾರ ಎಲ್ಲಿಂದ ಬಂತು? ಅವಳು ತುಸು ಯೋಚಿಸಿ, ಮನೆಯಲ್ಲಿ ಒಲೆಯ ಮುಂದೆ ಹೇಗೆ ಕೂಡುತ್ತಿದ್ದಿರಿ, ಈ ಮೂರು ಕಲ್ಲನ್ನೇ ಒಲೆ ಅಂದುಕೊಂಡು ಒಮ್ಮೆ ಕೂತು ತೋರಿಸಿ ಎಂದಳು.

ಶಿವಕಾಂತಮ್ಮ ಕೂತಳು. ಬಲಗಾಲು ಮಡಚಿ ಅಡಿಗೆ ಹಾಕಿ, ಎಡ ಮೊಣಕಾಲು ಎತ್ತಿ ನಿಲ್ಲಿಸಿ, ಸೀರೆಯನ್ನು ಮೊಣಕಾಲ ತನಕ ಸರಿಸಿ ಸಿಕ್ಕಿಸಿದಳು. ಮುಂದೆ ಹಿಟ್ಟಿಲ್ಲ, ಹಂಚಿಲ್ಲ. ಆದರೂ ಕೂತ ಕೂಡಲೇ ಅವಳ ಅಂಗೈಗಳು ತಾವಾಗಿಯೇ ನೆಲದ ಮೇಲೆ ರೊಟ್ಟಿ ಬಡಿಯತೊಡಗಿದವು. ದೇವೀಂದ್ರಪ್ಪ ಅದನ್ನು ನೋಡಲಾರದೆ ತಲೆ ತಗ್ಗಿಸಿದ.

"ಅಲ್ಲೇ ಇರ್ರಿ," ಎಂದು ಡಾಕ್ಟರಬಾಯಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಸಾವಕಾರ್ರ, ಹತ್ತಿರ ಬಂದು ನೋಡ್ರಿ. ಒಲಿ ಬಾಯಿ ಈ ಕಡಿ. ಉರಿ ಬಡಿಯೂದು ಈ ಮಗ್ಗಲಿಗಿ. ಸೀರಿ ಮುಚ್ಚಿದಲ್ಲಿ ಕಲಿ ಇಲ್ಲ. ಪಾದ ಒಲಿಕಟ್ಟಿ ಮರ್ಯಾಗ ಇರ್ತಿತ್ತು, ಅಲ್ಲೂ ಇಲ್ಲ. ನಮ್ಮ ನಾನಿ, ತಾಯಿಯ ಅವ್ವ, ಚಳಿಗಾಲದಾಗ ಅಗ್ಗಿಷ್ಟಿಗಿ ಬಾಜೂಕೇ ಕೂಡ್ತಿದ್ರು. ಅವರ ಕಾಲಿಗಿ ಇಂಥದೇ ಬಲಿ ಇತ್ತು, ಸಣ್ಣಾಕಿದ್ದಾಗ ಅದರ ಮ್ಯಾಲ ಬೆರಳಾಡಿಸ್ತಿದ್ದೆ. ಇದು ರೋಗ ಅಲ್ರಿ. ಇಷ್ಟು ವರ್ಷ ನಿಮಗ, ಊರಿಗಿ ರೊಟ್ಟಿ ಹಾಕಿದ್ದರ ಕಲಿ."

ತಾನು ಚಿಕ್ಕವನಿದ್ದಾಗ ಆ ಮೊಣಕಾಲಿಗೇ ಆನಿಕೊಂಡು ಬಿಸಿ ರೊಟ್ಟಿಗೆ ಕೈಯೊಡ್ಡುತ್ತಿದ್ದದ್ದು ದೇವೀಂದ್ರಪ್ಪನಿಗೆ ನೆನಪಾಗಿರಬೇಕು. ಓಡಿ ಬಂದು ತಾಯಿಯ ಎರಡೂ ಕಾಲನ್ನು ತಬ್ಬಿ ಹಣೆ ಇಟ್ಟ. ಮೆತ್ತನೆ ಮನುಷ್ಯ ಅಂದೆನಲ್ಲ, ಅಳುವುದರಲ್ಲಿ ಮಾತ್ರ ಗಟ್ಟಿ.

"ಹಿಚುಕಬ್ಯಾಡೋ," ಎಂದಳು ಶಿವಕಾಂತಮ್ಮ ಅವನ ತಲೆಯ ಮೇಲೆ ಕೈಯಿಟ್ಟು. "ನೋಯ್ತದ."

ರೈಲಿಗೆಂದು ಬಂದ ಬಂಡಿಯಲ್ಲೇ ಅವಳು ಶಹಾಬಜಾರಕ್ಕೆ ಹಿಂತಿರುಗಿದಳು, ಕೆಂಪು ಬಾಳೆಯ ಗೊನೆ ಹೇರಿಕೊಂಡು. ಸುದ್ದಿ ಕೇಳಿ ಅಣವೀರಪ್ಪ ತಾನಾಗಿಯೇ ಬಂದ. ಅವಳು ಓಣಿಗೆಲ್ಲ ಕಾಣುವಂತೆ ಕಟ್ಟೆಯ ಮೇಲೆ ಕೂತು ಎಡಗಾಲು ಚಾಚಿದಳು, ಚುಚ್ಚು ಎಂದಳು. ಅವನು ಅಳುಕುತ್ತ ಸೂಜಿ ತಾಗಿಸಿದ್ದೇ ತಡ, ಇಟ್ಟಳು ನೋಡಿ ಒಂದು ಕೂಗು, ಓಣಿಯ ತುದಿಯಲ್ಲಿ ಕಟ್ಟಿದ ಎಮ್ಮೆ ಹಗ್ಗ ಜಗ್ಗಿತು. ಅಣವೀರಪ್ಪ ನಕ್ಕ, ನಗುತ್ತಲೇ ಕಣ್ಣು ಒರೆಸಿಕೊಂಡ. ಮಧ್ಯಾಹ್ನ ಎಲ್ಲರಿಗಿಂತ ಮೊದಲು ಅವನದೇ ಎಲೆ ಬಿತ್ತು. ಅವನು ಉಂಡದ್ದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಬಂದು ಕೂತರು.

ಮನೆ ಸಿಕ್ಕಿತು, ಒಲೆ ಸಿಗಲಿಲ್ಲ. ಉರಿಯ ಹತ್ತಿರ ಹೋಗಕೂಡದು, ಹೋದರೆ ಕಲೆ ಮುಂದೆ ಹುಣ್ಣಾದೀತು ಎಂದು ಡಾಕ್ಟರಬಾಯಿ ಗಟ್ಟಿಯಾಗಿ ಹೇಳಿದ್ದಳು. ಬೆಳಿಗ್ಗೆ ಸಂಜೆ ನಡೆಯಬೇಕು, ಪಾದದಿಂದ ಮೇಲಕ್ಕೆ ಬಟ್ಟೆಯ ಪಟ್ಟಿ ಸುತ್ತಬೇಕು, ಕೂತಾಗ ಕಾಲನ್ನು ಎತ್ತರದಲ್ಲಿ ಇಡಬೇಕು. ಹಳೆಯ ಕಲೆ ಪೂರ್ತಿ ಹೋಗುವುದಿಲ್ಲ, ಆದರೆ ಬೆಳೆಯುವುದೂ ಇಲ್ಲ. ಹೀಗಾಗಿ ಶಿವಕಾಂತಮ್ಮ ಮಡಚಿದ ಕಂಬಳಿಗಳ ಮೇಲೆ ಕಾಲಿಟ್ಟುಕೊಂಡು ಪಡಸಾಲೆಯಲ್ಲಿ ದರಬಾರು ಮಾಡತೊಡಗಿದಳು. ಒಳಗೆ ಸೂಗಮ್ಮನ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಬಂದ ದಿನದಿಂದ ಸೊಸೆಗೆ ಏನೋ ಹೇಳಬೇಕು ಎಂದು ಮುದುಕಿ ಒದ್ದಾಡುತ್ತಿದ್ದಳು. ಬೈಗುಳವಾಗಿದ್ದರೆ ಸರಾಗವಾಗಿ ಬರುತ್ತಿತ್ತು, ಇದು ಬರಲೊಲ್ಲದು.

ಒಂದು ಮಧ್ಯಾಹ್ನ, ಎಲೆಗಳೆಲ್ಲ ತುಂಬಿದ್ದಾಗ, ಒಳಗಿನ ಸಪ್ಪಳ ಗಕ್ಕನೆ ನಿಂತಿತು. ಒಂದು ಗಳಿಗೆ ಏನೂ ಇಲ್ಲ. ಮತ್ತೆ ಬಡಿತ ಸುರುವಾಯಿತು, ಮೆಲ್ಲಗೆ, ಒಂದೇ ಕೈಯ ಬಡಿತ. ಆ ನಿಲುಗಡೆ ಏನೆಂದು ಶಿವಕಾಂತಮ್ಮನಿಗಿಂತ ಚೆನ್ನಾಗಿ ಯಾರು ಬಲ್ಲರು? ಕಂಬಳಿಯಿಂದ ಕಾಲಿಳಿಸಿ ಒಳಗೆ ಹೋದಳು. ಸೂಗಮ್ಮ ತುಟಿ ಕಚ್ಚಿಕೊಂಡು, ಬೆರಳು ಮಡಚಿಕೊಂಡು ಕೂತಿದ್ದಳು. ಎತ್ತಿದ ಎಡಗಾಲು ಒಲೆಯ ಕಡೆಗೇ ಇತ್ತು. ಅದರ ಮೇಲೆ ಎಳೆಯದಾಗಿ, ಕೆಂಪು ನೂಲಿನಂತೆ, ಬಲೆಯ ಮೊದಲ ಎಳೆಗಳು ಮೂಡಿದ್ದವು.

ಮುದುಕಿ ಗೋಡೆಗೆ ಒರಗಿಸಿದ್ದ ಊಟದ ಮಣೆಯನ್ನು ತಂದು ಒಲೆಗೂ ಆ ಕಾಲಿಗೂ ನಡುವೆ ಅಡ್ಡ ನಿಲ್ಲಿಸಿದಳು. ಸೊಸೆಯ ಪಕ್ಕ ಕುಸಿದು ಕೂತು ಆ ಕೈಯನ್ನು ಹಿಡಿದುಕೊಂಡಳು.

"ಸುಟ್ಟಿತೇನು?"

"ಇಲ್ಲ, ಅತ್ತಿ."

ಅದೇ ಮಾತು. ಅಂದು ತನ್ನ ಬಾಯಿಂದ ಬಂದ ಅದೇ ಮಾತು, ತಾನೇ ಕಲಿಸಿದ್ದು.

"ಇಲ್ಲ ಅನಬ್ಯಾಡವ್ವ. ಆ ಮಾತು ನನ್ನ ಎಲ್ಲಿ ತನಕ ಒಯ್ದಿತ್ತು ನೋಡಿಲ್ಲೇನು? ಸುಟ್ರ ಸುಟ್ಟಿತು ಅನ್ನು. ಒಲಿ ಮುನಸ್ಕೊಂಡ್ರ ನಾ ಮಾತಾಡ್ತೀನಿ ಅದರ ಕೂಡ."

ಸೂಗಮ್ಮ ಅತ್ತೆಯ ಮುಖ ನೋಡಿದಳು, ಉರಿಯುವ ಒಲೆ ನೋಡಿದಳು.

"ಸುಟ್ಟಿತು, ಅತ್ತಿ. ಭಾಳ ಸುಟ್ಟಿತು."

ಶಿವಕಾಂತಮ್ಮ ಆ ಬೆರಳನ್ನು ತಣ್ಣೀರಿನಲ್ಲಿ ಅದ್ದಿ, ಬಾಯಿಯ ಹತ್ತಿರ ತಂದು ಊದತೊಡಗಿದಳು. ಪಡಸಾಲೆಯಿಂದ ಯಾರೋ ರೊಟ್ಟಿ ಎಲ್ಲಿ ಎಂದು ಕೂಗಿದರು. ಅವಳು ಊದುವುದನ್ನು ನಿಲ್ಲಿಸಿ, ಹೊರಗಿನವರಿಗೆಲ್ಲ ಕೇಳುವ ಹಾಗೆ ದನಿಯೆತ್ತಿ ಹೇಳಿದಳು:

"ಕೂಡ್ರಿ ಸುಮ್ಮನ. ನನ್ನ ಸೊಸಿ ಕೈ ಸುಟ್ಟದ."